ಬಿಡಿಸಿ ನೋಡುವ ಹಕ್ಕು

ಮನುಷ್ಯನು ಬರೆದ ಪ್ರೋಗ್ರಾಮನ್ನು ಕಂಪೈಲರ್ ಎಂಬ ಸಾಧನವು ಯಂತ್ರಕ್ಕೆ ತಿಳಿಯುವ ಅಂಕಿಗಳ ಸಾಲಾಗಿ ಮಾರ್ಪಡಿಸುತ್ತದೆ. ಆ ಅಂಕಿಗಳನ್ನು ಮನುಷ್ಯನು ಓದಬಲ್ಲ ಆಜ್ಞೆಗಳಾಗಿ ಮರಳಿ ಬಿಡಿಸಿಕೊಡುವುದೇ ಡಿಸ್‌ಅಸೆಂಬ್ಲರ್. ಬರೆದವನ ಟಿಪ್ಪಣಿಗಳು ಮಾತ್ರ ಮರಳಿ ದೊರೆಯವು. ದೊರೆಯುವುದು ಬರಿಯ ಅಸ್ಥಿಪಂಜರ. ಅದಕ್ಕೆ ಅರ್ಥ ತುಂಬುವುದು ಓದುವವನ ಬುದ್ಧಿಯ ಕಾರ್ಯ.

ಇದು ಕಳ್ಳರ ಉಪಕರಣವೆಂದು ಆಕ್ಷೇಪಿಸುವವರುಂಟು. ಪರರ ಶ್ರಮವನ್ನು ನಕಲು ಮಾಡಿ ಮಾರುವುದು ಅಪರಾಧವೇ ಸರಿ. ಆದರೆ ಓದುವುದು ಬೇರೆ, ಕದಿಯುವುದು ಬೇರೆ. 1992ರಲ್ಲಿ ವಿಡಿಯೊ ಆಟಗಳ ಸಂಸ್ಥೆಗಳಾದ ಸೆಗಾ ಹಾಗೂ ಅಕೊಲೇಡ್‌ಗಳ ವ್ಯಾಜ್ಯದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು, ಅನ್ಯಮಾರ್ಗವಿಲ್ಲದಾಗ ಸಕಾರಣವಾಗಿ ಪ್ರೋಗ್ರಾಮನ್ನು ಬಿಡಿಸಿ ನೋಡುವುದು ನ್ಯಾಯಸಮ್ಮತವೆಂದು ತೀರ್ಪಿತ್ತಿತು. 1999ರಲ್ಲಿ ತಿದ್ದುಪಡಿಯಾದ ಭಾರತದ ಕೃತಿಸ್ವಾಮ್ಯ ಕಾಯಿದೆಯೂ, ಒಂದು ಪ್ರೋಗ್ರಾಮಿನೊಡನೆ ಇನ್ನೊಂದನ್ನು ಹೊಂದಿಸಲು ಅಗತ್ಯವಾದ, ಬೇರೆಡೆ ಸುಲಭವಾಗಿ ದೊರೆಯದ ಮಾಹಿತಿಯನ್ನು ಪಡೆಯಲು ಅವಕಾಶವಿತ್ತಿದೆ.

ಕಂಪ್ಯೂಟರಿಗೆ ವೈರಸ್ ಹೊಕ್ಕಾಗ ಅದರ ಮೂಲಪಾಠವನ್ನು ಯಾರೂ ತಂದುಕೊಡುವುದಿಲ್ಲ. ಅದನ್ನು ಬಿಡಿಸಿ ನೋಡಿಯೇ ಮದ್ದನ್ನು ಅರಸಬೇಕು. ಹಿಂದೆ ಡಾಸ್ ವ್ಯವಸ್ಥೆಯೊಡನೆ ಡಿಬಗ್ ಎಂಬ ಇಂತಹ ಸಾಧನವು ಬರುತ್ತಿತ್ತು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯೇ ಗೀಡ್ರಾ ಎಂಬ ಸಮರ್ಥ ಸಾಧನವನ್ನು ಎಲ್ಲರಿಗೂ ಉಚಿತವಾಗಿ ಒದಗಿಸಿತು. ಕಳ್ಳನ ಭಯದಿಂದ ಕಮ್ಮಾರನ ಸುತ್ತಿಗೆಯನ್ನು ಕಸಿಯುವುದು ವಿವೇಕವಲ್ಲ. ತನ್ನ ಯಂತ್ರವು ಏನು ಮಾಡುತ್ತಿದೆಯೆಂಬುದನ್ನು ಅರಿಯುವ ದಾರಿಯು ಪ್ರತಿಯೊಬ್ಬರಿಗೂ ತೆರೆದಿರಬೇಕು.