ತೊಳೆನೀರಿನಲ್ಲಿ ಹರಿದುಹೋಗುವ ಲೋಹ

1956ರಲ್ಲಿ ನಾವು ಕೇರಳದ ಪಾಲಾದೆವು. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ತಾಲೂಕು ಆಂಧ್ರದ ಪಾಲಾಯಿತು. ಅಲ್ಲಿನ ಧರೂರು ಇಂದು ತೆಲಂಗಾಣದಲ್ಲಿದೆ. ಸಮೀಪದಲ್ಲೇ ಕೃಷ್ಣೆಯ ಜುರಾಲ ಅಣೆಕಟ್ಟು. ಮೇಲಿನವರು ನದಿಗೆ ಬಿಟ್ಟದ್ದು ಈ ಊರವರ ಕೊಡಕ್ಕೆ ಬರುತ್ತದೆ.

ಬೆಂಗಳೂರಿನ ಪೀಣ್ಯದ ನೀರು ಕೃಷ್ಣೆಗೆ ಸೇರುವುದಿಲ್ಲ, ನಿಜ. ಆದರೂ ಅಲ್ಲಿ ಆದುದನ್ನು ನೋಡಬೇಕು. ಲೋಹಲೇಪನದ ಶೆಡ್ಡುಗಳ ತ್ಯಾಜ್ಯದಿಂದ ಅಂತರ್ಜಲಕ್ಕೆ ವಿಷಕಾರಿ ಕ್ರೋಮಿಯಂ-6 ಇಳಿಯಿತು. ಹೊರಬಿಡುವ ನೀರಿನಲ್ಲಿ ಅದು ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂಬುದು ಕೇಂದ್ರದ ನಿಯಮ. ವಿಚಿತ್ರವೆಂದರೆ, ಹೀಗೆ ಚೆಲ್ಲಿಹೋಗುವುದು ಕಾಸು ಕೊಟ್ಟು ತಂದ ಸರಕೇ. ರಸಾಯನ, ಸುಣ್ಣ ಹಾಕಿ ಲೋಹವನ್ನು ಕೆಸರಾಗಿ ಇಳಿಸುವುದು ವಾಡಿಕೆ. ಆ ಕೆಸರನ್ನು ಮತ್ತೆಲ್ಲೋ ಹೂಳಬೇಕು. ತೊಟ್ಟಿಯಿಂದೆತ್ತಿದ ಸಾಮಾನನ್ನು ತುಸು ಹೊತ್ತು ಅಲ್ಲೇ ತೂಗಹಾಕಿ ಹನಿಯಿಳಿಸುವುದಕ್ಕೆ ಖರ್ಚೇನು? ನಿಕ್ಕಲಿನ ಮೊದಲ ತೊಳೆನೀರನ್ನು ಬಿಸಿ ತೊಟ್ಟಿಗೇ ಮರಳಿಸಬಹುದು. ಉಳಿದ ನಿಕ್ಕಲನ್ನು ಅಯಾನು ವಿನಿಮಯದ ರಾಳ ಹಿಡಿದಿಡುತ್ತದೆ. ಆಮ್ಲ ಹಾಯಿಸಿದರೆ ಬಿಟ್ಟುಕೊಡುತ್ತದೆ.

ಆದರೆ ಈ ರಾಳದ ಯಂತ್ರ ಐದಾರು ಆಳುಗಳ ಶೆಡ್ಡಿಗೆ ನಿಲುಕದು. ದಂಡ ಹಾಕುವ ಉತ್ಸಾಹವನ್ನು ಸರಕಾರಗಳು ಸಾಮೂಹಿಕ ಘಟಕ ಕಟ್ಟುವುದರಲ್ಲೂ ತೋರಲಿ. ಕ್ರೋಮಿಯಂ, ನಿಕ್ಕಲ್ ನೀರು ಒಂದೇ ಚರಂಡಿಯಲ್ಲಿ ಬೆರೆತರೆ ಲೋಹ ಮರಳಿ ಪಡೆಯುವುದು ಕಷ್ಟ. ಆದುದರಿಂದ, ಕೃಷ್ಣೆಯ ದಂಡೆಯಲ್ಲಿ ಇಂಥ ಶೆಡ್ಡು ಏಳುವುದಾದರೆ, ಪ್ರತಿಯೊಂದಕ್ಕೂ ಬೇರೆ ಕೊಳವೆಯೆಂಬ ಷರತ್ತನ್ನು ಪರವಾನಗಿಯಲ್ಲೇ ಬರೆಯಬೇಕೆಂದು ನಾವು ಒತ್ತಾಯಿಸುತ್ತೇವೆ.