ಏಳು ಮಂದಿಯ ಆಟಕ್ಕೆ ಒಬ್ಬನೇ ಒಡೆಯನೆ?

ಜಾತ್ರೆಯ ಕಬಡ್ಡಿ ಪಂದ್ಯಗಳಿಗೆ ತಂಡ ಕಟ್ಟುವ ಪ್ರಸ್ತಾಪ ಬಂದಾಗಲೆಲ್ಲ, ನಮ್ಮ ಬಾಡಗಂಡಿಯ ಚಹದಂಗಡಿಯ ಕಟ್ಟೆಯಿಂದ ಮೊದಲುಗೊಂಡು ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳವರೆಗೆ ಒಂದೇ ಸಿದ್ಧಾಂತವು ವೇದವಾಕ್ಯದಂತೆ ಕೇಳಿಬರುತ್ತದೆ: “ಒಬ್ಬ ಹುಲಿಯಂಥಾ ರೇಡರ್ ಇದ್ರ ಸಾಕ್ರಿ, ಉಳಿದ ಆರು ಮಂದಿ ಯಾರಿದ್ರೇನು?” ಆ ಹುಲಿ ಪವನ್ ಸೆಹ್ರಾವತರೋ, ಪ್ರದೀಪ್ ನರ್ವಾಲರೋ, ದೇವಾಂಕರೋ ಎಂಬ ವಿಷಯದಲ್ಲಿ ಮಾತ್ರ ಕಟ್ಟೆಯ ಮೇಲೆ ಭಿನ್ನಾಭಿಪ್ರಾಯ, ತಾರೆಯೊಬ್ಬನನ್ನು ಮೊದಲು ಕೊಂಡು ಆಮೇಲೆ ಅವನ ಸುತ್ತ ತಂಡವನ್ನು ಹೊಂದಿಸಬೇಕೆಂಬ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲ. ಈ ಸಿದ್ಧಾಂತವು ಸುಳ್ಳೆಂದು ನಾನು ಹೇಳುತ್ತೇನೆ. ಸುಳ್ಳು ಮಾತ್ರವಲ್ಲ, ನಮ್ಮ ಹಿರಿಯರು ಹುತುತು ಎಂದು ಕರೆದು ಮಣ್ಣಿನಲ್ಲಿ ಹೊರಳಾಡಿ ಬೆಳೆಸಿದ ಆಟಕ್ಕೆ ಇದು ಬಗೆದ ದ್ರೋಹ.

ತಾರಾವಾದಿಗಳು ಯಾವಾಗಲೂ ಎದುರಿಗೆ ಹಿಡಿಯುವ ಆಧಾರವೆಂದರೆ 2019ರ ಜನವರಿ 5ರ ಫೈನಲ್. ಅಂದು ಮುಂಬಯಿಯಲ್ಲಿ ಬೆಂಗಳೂರು ಬುಲ್ಸ್ ತಂಡವು ಗುಜರಾತನ್ನು 38-33ರಿಂದ ಸೋಲಿಸಿ ಪ್ರೊ ಕಬಡ್ಡಿಯ ಕಪ್ಪನ್ನು ತಂದಿತು. ಪವನ್ ಒಬ್ಬರೇ 22 ಅಂಕ ಗಳಿಸಿದರು. ಅವರ ಆಟದ ಸೊಬಗನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಆ ಋತುವಿನಲ್ಲಿ ಅವರ ದಾಳಿಯ ಅಂಕಗಳು 271. ಮುಂದಿನ ಋತುವಿನಲ್ಲಿ ಅವು 346ಕ್ಕೆ ಏರಿದವು. ಒಂದೇ ಪಂದ್ಯದಲ್ಲಿ, ಹರಿಯಾಣದ ಎದುರು, 39 ಅಂಕ ತಂದರು. ಕಪ್ಪು ಬಂದಿತೆ? ಸೆಮಿಫೈನಲ್‌ನಲ್ಲಿ ದಬಂಗ್ ಡೆಲ್ಲಿಗೆ ಸೋಲು. ಅದರ ಮುಂದಿನ ಋತುವಿನಲ್ಲಿ 304 ಅಂಕ. ತಿರುಗಿ ಸೆಮಿಫೈನಲ್, ತಿರುಗಿ ಅದೇ ದಬಂಗ್ ಡೆಲ್ಲಿ, ತಿರುಗಿ ಸೋಲು. 271ಕ್ಕೆ ಕಪ್ಪು, 346ಕ್ಕೆ ಇಲ್ಲ, 304ಕ್ಕೆ ಇಲ್ಲ. ತಾರೆಯ ಅಂಕಗಳೇ ಕಪ್ಪನ್ನು ತರುವುದಾಗಿದ್ದರೆ ಈ ಲೆಕ್ಕವು ತಲೆಕೆಳಗಾಗಿ ಏಕೆ ನಿಲ್ಲುತ್ತಿತ್ತು?

2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ತಂಡವು 2.26 ಕೋಟಿ ರೂಪಾಯಿ ತೆತ್ತು ಅದೇ ಪವನರನ್ನು ಕೊಂಡಿತು. ಮೊದಲ ಪಂದ್ಯದಲ್ಲಿಯೇ, ಆಟ ಕಾವೇರುವ ಮುನ್ನವೇ, ಅವರ ಮೊಣಕಾಲಿಗೆ ಪೆಟ್ಟಾಗಿ ಇಡೀ ಋತುವನ್ನು ಅವರು ಹೊರಗೆ ಕಳೆಯಬೇಕಾಯಿತು. ತಾರಾವಾದಿಗಳ ತರ್ಕದಂತೆ ಆ ತಂಡ ಅಂದೇ ಮಣ್ಣುಮುಕ್ಕಬೇಕಿತ್ತು. ಆದದ್ದೇನೆಂದರೆ, ನರೇಂದರ್ ಎಂಬ ಹೊಸ ಹುಡುಗನ ದಾಳಿಯಿಂದಲೂ, ಬಲ ಕಾರ್ನರ್‌ನಲ್ಲಿ ಸಾಗರ್ ಕಟ್ಟಿಕೊಂಡ ಹಿಡಿತದಿಂದಲೂ, ತಲೈವಾಸ್ ತನ್ನ ಇತಿಹಾಸದಲ್ಲಿಯೇ ಮೊದಲ ಬಾರಿಗೆ ಸೆಮಿಫೈನಲ್ ಮುಟ್ಟಿತು. ಮರುವರ್ಷ ತೆಲುಗು ಟೈಟಾನ್ಸ್ 2.605 ಕೋಟಿಗೆ ಪವನರನ್ನು ಕೊಂಡಿತು. ಈ ಸಲ ಅವರ ಮೈ ಗಟ್ಟಿಯಿತ್ತು, ಅಂಕಗಳೂ ಬಂದವು. ಆದರೆ 22 ಪಂದ್ಯಗಳಲ್ಲಿ ತಂಡ ಗೆದ್ದದ್ದು 2. ಇದನ್ನೆಲ್ಲ ಕಣ್ಣಾರೆ ಕಂಡ ಮೇಲೂ ನಮ್ಮ ಬೆಂಗಳೂರು ತಂಡದವರು 2024ರಲ್ಲಿ ಪ್ರದೀಪ್ ನರ್ವಾಲರನ್ನು 70 ಲಕ್ಷಕ್ಕೆ ತಂದು ನಾಯಕಪಟ್ಟ ಕಟ್ಟಿದರು. ಒಂದು ಕಾಲಕ್ಕೆ ಒಂದೇ ಋತುವಿನಲ್ಲಿ 369 ದಾಳಿಯ ಅಂಕ ಗಳಿಸಿದ ಮಹಾನ್ ಆಟಗಾರ ಅವರು, ನಿಜ. ಆ ವರ್ಷ ಬುಲ್ಸ್ ಗೆದ್ದ ಪಂದ್ಯಗಳೆಷ್ಟು? 22ರಲ್ಲಿ 2. ಕಟ್ಟೆಯ ಮೇಲೆ ಯಾರಾದರೂ ಹುಲಿಯ ಮಾತೆತ್ತಿದರೆ ನಾನು ಈ ಒಂದು ಅಂಕಿಯನ್ನೇ ಎತ್ತುತ್ತೇನೆ: 22ರಲ್ಲಿ 2.

ಇದಕ್ಕೆ ಕಾರಣವು ಆಟದ ನಿಯಮದಲ್ಲಿಯೇ ಅಡಗಿದೆ. ದಾಳಿಗೆ ಹೋದವನು ಸಿಕ್ಕಿಬಿದ್ದರೆ ಗೆರೆಯ ಹೊರಗೆ ಕೂರಬೇಕು. ಅವನು ಎಷ್ಟೇ ಕೋಟಿಯ ಆಟಗಾರನಾಗಿರಲಿ, ತನ್ನ ಬಲದಿಂದ ತಾನು ಒಳಗೆ ಬರಲಾರ. ಉಳಿದವರಲ್ಲಿ ಯಾರಾದರೂ ದಾಳಿಯಲ್ಲಿ ಎದುರಾಳಿಯನ್ನು ಮುಟ್ಟಿ ಬಂದರೆ, ಇಲ್ಲವೆ ಮೇಲೆ ಬಂದ ದಾಳಿಗಾರನನ್ನು ಹಿಡಿದು ಕೆಡವಿದರೆ, ಆಗ ಅವನಿಗೆ ಮರುಜೀವ. ತಾರೆಯನ್ನೇ ನೆಚ್ಚಿದ ತಂಡದಲ್ಲಿ ಎರಡನೆಯ ದಾಳಿಗಾರನಿಗೆ ಬಲವಿರುವುದಿಲ್ಲವಾದುದರಿಂದ, ತಾರೆಯನ್ನು ಅಂಕಣಕ್ಕೆ ತಿರುಗಿ ತರತಕ್ಕವನು, ನೀವು ಹೆಸರನ್ನೂ ಕೇಳದೆ ಹಣವನ್ನೂ ಕೊಡದೆ ಮೂಲೆಯಲ್ಲಿ ನಿಲ್ಲಿಸಿದ ಆ ಕಾರ್ನರ್‌ನ ಹುಡುಗನೇ. ಅವನು ಸೋತರೆ ನಿಮ್ಮ ಹುಲಿ ಬೆಂಚಿನ ಮೇಲೆ ಕೂತು ಆಲೌಟನ್ನು ನೋಡುತ್ತಿರಬೇಕಾಗುತ್ತದೆ.

ಅಂಥ ಒಬ್ಬ ಹುಡುಗನನ್ನು ನಾನು ಬಲ್ಲೆ. ಹಗಲೆಲ್ಲ ಕಬ್ಬು ಕಡಿಯುವವನು. ರವದಿ ಕೊಯ್ದ ಗೀರುಗಳು ಮೊಣಕೈವರೆಗೂ ಇವೆ. ರಾತ್ರಿಯ ಪಂದ್ಯದಲ್ಲಿ ಎಡ ಕಾರ್ನರ್‌ನಲ್ಲಿ ನಿಂತು, ಪಕ್ಕದವನ ಕೈಬೆರಳನ್ನು ಹಿಡಿದು, ಅವನು ದಾಳಿಗಾರನ ಮುಖವನ್ನು ಒಮ್ಮೆಯೂ ನೋಡುವುದಿಲ್ಲ. ಕಾಲನ್ನು ಮಾತ್ರ ನೋಡುತ್ತಾನೆ. ಬೋನಸ್ ಗೆರೆಗೆಂದು ಎದುರಾಳಿಯು ಒಂದು ಪಾದವನ್ನು ಚಾಚಿ, ಇಡೀ ದೇಹದ ಭಾರವು ಇನ್ನೊಂದು ಕಾಲಿನ ಮೇಲೆ ನಿಂತ ಆ ಅರೆಕ್ಷಣದಲ್ಲಿ, ಇವನು ನೆಲಕ್ಕೆ ಹಾರಿ ಹರಡಿಗೆ ಎರಡೂ ಕೈ ಬಿಗಿದಿರುತ್ತಾನೆ; ಕವರ್‌ನವನು ಮೇಲೆ ಬಿದ್ದಾಗ ಧೂಳಷ್ಟೇ ಕಾಣುತ್ತದೆ. ಶಿಳ್ಳೆ ಹೊಡೆಯುವ ಜನರಿಗೆ ಇವನ ಹೆಸರು ಗೊತ್ತಿಲ್ಲ. ಊರಿನಲ್ಲಿ ಪಟ್ಟಿ ಎತ್ತಿದ ಹಣದ ಬಹುಪಾಲು, ಒಂದು ವರ್ಷ, ಹೊರಗಿನಿಂದ ಕರೆಸಿದ ರೇಡರ್‌ನೊಬ್ಬನಿಗೆ ಸಂದಿತು. ಮೂರು ಸಲ ಹಿಡಿಸಿಕೊಂಡು ಆತ ಕಾರು ಹತ್ತಿ ಹೋದ. ನಮ್ಮ ಹುಡುಗನ ಪಾಲಿಗೆ ಬಂದದ್ದು ಒಂದು ಟೀಶರ್ಟು ಮತ್ತು ರಾತ್ರಿಯ ಊಟ. ಆ ದಿನದಿಂದ ನನ್ನ ಕೋಪವು ಆರಿಲ್ಲ.

ಬಾಸ್ಕೆಟ್‌ಬಾಲ್ ಆಟದ ಉದಾಹರಣೆ ಕೊಟ್ಟು ನನ್ನ ಬಾಯಿ ಮುಚ್ಚಿಸಲು ಬರುವ ವಿದ್ಯಾವಂತ ತರುಣರೂ ಇದ್ದಾರೆ; ಮೈಕಲ್ ಜೋರ್ಡನ್ ಒಬ್ಬರ ಸುತ್ತ ಶಿಕಾಗೋ ತಂಡ ಕಟ್ಟಲಿಲ್ಲವೆ ಎನ್ನುತ್ತಾರೆ. 1984ರಲ್ಲಿ ಬಂದ ಜೋರ್ಡನ್ 1986ರಲ್ಲಿ ಬಾಸ್ಟನ್ ತಂಡದ ಮೇಲೆ ಒಂದೇ ಪಂದ್ಯದಲ್ಲಿ 63 ಅಂಕ ಹೊಡೆದು ಸೋತರು. ಮೊದಲ ಪ್ರಶಸ್ತಿ ಸಿಕ್ಕಿದ್ದು 1991ರಲ್ಲಿ, ಪಿಪ್ಪೆನ್ ಮೊದಲಾದವರು ಹೆಗಲು ಕೊಟ್ಟ ಮೇಲೆ. ಐವರ ಆಟದಲ್ಲಿಯೇ ಹೀಗಾದರೆ ಏಳು ಮಂದಿಯ ಆಟದ ಗತಿಯೇನು?

ಈ ರೋಗವು ಕಬಡ್ಡಿಗೆ ಮಾತ್ರ ಹತ್ತಿದ್ದಲ್ಲ. ರಾಜಕಾರಣದಲ್ಲಿಯೂ, ಸಿನಿಮಾದಲ್ಲಿಯೂ, ನಮ್ಮೂರ ಸಹಕಾರಿ ಸಂಘದ ಚುನಾವಣೆಯಲ್ಲಿಯೂ, ಒಬ್ಬ ಉದ್ಧಾರಕನು ಬಂದಾನು, ಉಳಿದವರು ಕೂತು ಚಪ್ಪಾಳೆ ತಟ್ಟಿದರಾಯಿತು ಎಂಬ ಆಲಸ್ಯವು ನಮ್ಮ ರಕ್ತಕ್ಕೆ ಇಳಿದಿದೆ. ಆರ್‌ಸಿಬಿಯ ಹದಿನೆಂಟು ವರ್ಷಗಳ ಕ್ರಿಕೆಟ್ಟನ್ನು ನೆನೆಯಿರಿ. 2016ರಲ್ಲಿ ಕೊಹ್ಲಿಯವರು 973 ಓಟ ಗಳಿಸಿದರು, ಕಪ್ಪು ಬರಲಿಲ್ಲ. ಕಪ್ಪು ಬಂದ 2025ರ ಫೈನಲ್‌ನಲ್ಲಿ ಪಂದ್ಯವನ್ನು ತಿರುಗಿಸಿದ್ದು 17 ಓಟ ಕೊಟ್ಟು 2 ವಿಕೆಟ್ ಕಿತ್ತ ಕೃಣಾಲ್ ಪಾಂಡ್ಯ. ಮರುದಿನ ತಾರೆಗಳ ದರ್ಶನಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಿಗೆ ಮುಗಿಬಿದ್ದ ಜನರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕು ಸತ್ತರು. ವ್ಯಕ್ತಿಪೂಜೆಗೆ ನಾವು ತೆತ್ತ ಬೆಲೆಯನ್ನು ಇನ್ನಾವ ಅಂಕಿಯಲ್ಲಿ ಹೇಳಲಿ?

ಕಬಡ್ಡಿಗೇ ಮರಳೋಣ. ನಮ್ಮ ಕರ್ನಾಟಕದವರೇ ಆದ ಬಿ.ಸಿ. ರಮೇಶರು 2019ರಲ್ಲಿ ಬಂಗಾಳದ ತಂಡಕ್ಕೆ, 2024ರಲ್ಲಿ ಪುಣೆಯ ತಂಡಕ್ಕೆ ತರಬೇತುದಾರರಾಗಿ ಕಪ್ಪು ಗೆಲ್ಲಿಸಿಕೊಟ್ಟರು. ಪುಣೆಯವರು ಆಗ 2.35 ಕೋಟಿ ಸುರಿದದ್ದು ಇರಾನಿನ ಶಾದ್ಲೂಯಿ ಅವರ ಮೇಲೆ. ಹಿಡಿಯುವ ಕೈಗೆ, ಎಡ ಕಾರ್ನರ್‌ಗೆ. ಮರುಋತುವಿನಲ್ಲಿ ಹರಿಯಾಣದವರು ಅವರನ್ನೇ ಕೊಂಡರು; 301 ದಾಳಿಯ ಅಂಕಗಳ ದೇವಾಂಕರನ್ನು ಹೊಂದಿದ್ದ ಪಟ್ನಾವನ್ನು ಫೈನಲ್‌ನಲ್ಲಿ ಬರೀ 23ಕ್ಕೆ ಕಟ್ಟಿಹಾಕಿ ಗೆದ್ದರು. ಕಡೆಗೆ 2025ರಲ್ಲಿ ಬೆಂಗಳೂರಿಗೂ ಬುದ್ಧಿ ಬಂದಿತು: ರಮೇಶರನ್ನು ಕರೆತಂದರು, ಒಂದು ಕೋಟಿಗೂ ಮಿಕ್ಕಿದ ಹಣವನ್ನು ಯೋಗೇಶ್ ಎಂಬ ಡಿಫೆಂಡರ್‌ಗೆ ಕೊಟ್ಟರು, ಹಿಂದಿನ ವರ್ಷ ಕಟ್ಟಕಡೆಯಲ್ಲಿ ಬಿದ್ದಿದ್ದ ತಂಡವು ಪ್ಲೇಆಫ್ ಮುಟ್ಟಿತು.

ಬೀಳಗಿ, ಮುಧೋಳ, ಜಮಖಂಡಿಗಳ ಪಂದ್ಯಾವಳಿಗಳನ್ನು ನಡೆಸುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ. ಈ ಸಲ ಪಟ್ಟಿ ಎತ್ತಿದಾಗ ಮೊದಲ ಹಣವನ್ನು ನಿಮ್ಮೂರ ಎಡ ಕಾರ್ನರ್‌ನವನ ಕೈಗೆ ಕೊಡಿರಿ, ಎರಡನೆಯದನ್ನು ಬಲ ಕಾರ್ನರ್‌ನವನಿಗೆ ಕೊಡಿರಿ. ರೇಡರ್ ಯಾರೆಂಬ ಮಾತನ್ನು ಆಮೇಲೆ ಎತ್ತಿರಿ.