ಯಂತ್ರವೇ ಮನುಷ್ಯನಿಗೆ ಹೊಂದಿಕೊಳ್ಳಲಿ

ಚಿಕಿತ್ಸೆಯಲ್ಲಿ ಎಡವಟ್ಟಾದಾಗ ನಾವು ಮೊದಲು ಕೇಳುವುದು ‘ತಪ್ಪು ಯಾರದು?’ ಎಂದು. ಡಾಕ್ಟರದೋ, ನರ್ಸಿನದೋ ಎಂದು ಬೆರಳು ತೋರಿಸುತ್ತೇವೆ. ಅವರೆದುರಿನ ಕಂಪ್ಯೂಟರ್ ಪರದೆ ಏನು ಹೇಳುತ್ತಿತ್ತು, ಅದು ಅರ್ಥವಾಗುವಂತಿತ್ತೇ ಎಂದು ವಿಚಾರಿಸುವವರು ಕಡಿಮೆ.

ಥೆರಾಕ್-25 ಯಂತ್ರದ ಕಥೆ ಕೇಳಿ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡಲು ಕೆನಡಾದಲ್ಲಿ ತಯಾರಾದ ಯಂತ್ರವಿದು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಇದರಿಂದ ಮಿತಿಮೀರಿದ ವಿಕಿರಣ ತಗುಲಿತು. ಕೆಲವರು ಪ್ರಾಣ ಕಳೆದುಕೊಂಡರು. 1986ರ ಮಾರ್ಚಿನಲ್ಲಿ ಟೆಕ್ಸಾಸ್‌ನ ಟೈಲರ್ ಊರಿನಲ್ಲಿ, ಚಿಕಿತ್ಸೆಯ ವಿವರ ತುಂಬುವಾಗ ಆಪರೇಟರ್ ‘ಇ’ ಬದಲು ‘ಎಕ್ಸ್’ ಒತ್ತಿ, ಕೂಡಲೇ ತಿದ್ದಿದರು. ಪರದೆಯಲ್ಲಿ ಎಲ್ಲವೂ ಸರಿಯಾಗಿ ಕಂಡಿತು. ಆದರೆ ಅಷ್ಟು ವೇಗದ ತಿದ್ದುಪಡಿಯನ್ನು ತಂತ್ರಾಂಶ ಪೂರ್ತಿ ಗ್ರಹಿಸಿರಲಿಲ್ಲ. ಕಿರಣ ಹಾಯಿಸಿದಾಗ ‘ಮಾಲ್‌ಫಂಕ್ಷನ್ 54’ ಎಂದಷ್ಟೇ ಮೂಡಿತು. ಕೈಪಿಡಿಯಲ್ಲಿ ಅದರ ವಿವರಣೆಯೇ ಇರಲಿಲ್ಲ. ವಿಕಿರಣ ಕಡಿಮೆ ಬಿದ್ದಿದೆ ಎಂದು ಪರದೆ ತೋರಿಸಿತು. ನಿಜದಲ್ಲಿ ಬಿದ್ದದ್ದು ಸುಮಾರು ನೂರು ಪಟ್ಟು ಹೆಚ್ಚು. ಆಪರೇಟರ್ ಮುಂದುವರಿಸಲು ‘ಪಿ’ ಒತ್ತಿದರು. ರೋಗಿಗೆ ಎರಡನೆಯ ಪೆಟ್ಟು ಬಿತ್ತು. ಐದು ತಿಂಗಳಲ್ಲಿ ಆತ ತೀರಿಕೊಂಡ.

ಇದನ್ನು ಆಪರೇಟರ್‌ನ ಬೇಜವಾಬ್ದಾರಿ ಎನ್ನಬಹುದೇ? ಆ ಯಂತ್ರ ಇಂತಹ ಸಂದೇಶ ತೋರಿಸಿ ಆಗಾಗ ನಿಲ್ಲುತ್ತಿತ್ತು. ‘ಪಿ’ ಒತ್ತಿದರೆ ಮುಂದೆ ಸಾಗುತ್ತಿತ್ತು. ‘ಹುಲಿ ಬಂತು ಹುಲಿ’ ಎಂದು ದಿನವೂ ಕೂಗಿದರೆ ನಿಜವಾದ ಹುಲಿ ಬಂದಾಗ ಯಾರೂ ಏಳುವುದಿಲ್ಲ. ಇದು ಮನಸ್ಸಿನ ಸಹಜ ಗುಣ. ಇಂದಿನ ತೀವ್ರ ನಿಗಾ ಘಟಕಗಳಲ್ಲೂ ದಿನವಿಡೀ ಕೂಗುವ ಅಲಾರಂಗಳಲ್ಲಿ ಬಹುಪಾಲು ತುರ್ತಿನವಲ್ಲ.

ಆದ್ದರಿಂದ ‘ಎಚ್ಚರವಾಗಿರಿ’ ಎಂದು ಸಿಬ್ಬಂದಿಗೆ ಬೋಧಿಸಿದರೆ ಸಾಲದು. ಯಂತ್ರದ ಎಚ್ಚರಿಕೆ ಸಂಖ್ಯೆಯಲ್ಲಲ್ಲ, ಮಾತಿನಲ್ಲಿರಬೇಕು: ಏನಾಗಿದೆ, ಈಗೇನು ಮಾಡಬೇಕು ಎಂದು ತಿಳಿಸಬೇಕು. ಸಣ್ಣ ತೊಡಕಿಗೂ ಪ್ರಾಣಾಪಾಯಕ್ಕೂ ಒಂದೇ ಗುಂಡಿ ಇರಬಾರದು. ಆಸ್ಪತ್ರೆಗಳು ಯಂತ್ರ ಕೊಳ್ಳುವ ಮುನ್ನ ಬೆಲೆಪಟ್ಟಿಯನ್ನಷ್ಟೇ ನೋಡದೆ, ರಾತ್ರಿಪಾಳಿಯ ನರ್ಸಿನ ಕೈಗೆ ಕೊಟ್ಟು ಪರೀಕ್ಷಿಸಲಿ.

ನಿಮ್ಮ ಮನೆಗೂ ಈ ಮಾತು ಅನ್ವಯಿಸುತ್ತದೆ. ನಮ್ಮಲ್ಲಿ ರಕ್ತದ ಸಕ್ಕರೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ಮಿಲಿಮೋಲ್ ಲೆಕ್ಕ. ಅಲ್ಲಿಂದ ಮಗ ತಂದ ಮೀಟರಿನಲ್ಲಿ 12 ಎಂದು ಬಂದರೆ ಅದು ನಮ್ಮ ಲೆಕ್ಕದಲ್ಲಿ 216. ಸಕ್ಕರೆ ಕುಸಿದಿದೆ ಎಂದು ಹೆದರಿ ಸಿಹಿ ತಿಂದೀರಿ, ಜೋಕೆ! ಮೀಟರಿನ ಮಾನವನ್ನು ಡಾಕ್ಟರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ. ಬಿ.ಪಿ. ಯಂತ್ರ ಅರ್ಥವಾಗದ ಅಕ್ಷರ ತೋರಿಸಿದರೆ ಸುಮ್ಮನೆ ಗುಂಡಿ ಒತ್ತುತ್ತಾ ಹೋಗದೆ ಕೈಪಿಡಿ ನೋಡಿ. ಆಸ್ಪತ್ರೆಯಲ್ಲಿ ಚಿಕಿತ್ಸೆಯ ವೇಳೆ ಉರಿ, ನೋವು ಕಂಡರೆ ಕೂಡಲೇ ಗಟ್ಟಿಯಾಗಿ ಹೇಳಿ. ‘ಮೆಷಿನ್ ಸರಿಯಾಗಿದೆ’ ಎಂಬ ಉತ್ತರ ಬಂದರೂ ಸಂಕೋಚಪಡದೆ, ಚಿಕಿತ್ಸೆ ನಿಲ್ಲಿಸಿ ಮತ್ತೊಮ್ಮೆ ನೋಡಲು ಕೇಳಿ.